ಬಾಗಿಲ ಕಡೆಗೆ ಮುಖ

ನೆಂಟರು ಬರುವ ಸುದ್ದಿ ಬಂದರೆ ಬಾಣಸವಾಡಿಯ ಆ ಮನೆಯಲ್ಲಿ ಊದುಬತ್ತಿ ಹಚ್ಚುತ್ತಿದ್ದರು. ದೇವರಿಗಲ್ಲ, ನಡುಮನೆಯಲ್ಲಿ ಮಲಗಿದ್ದ ಮುನಿವೆಂಕಟಪ್ಪನವರ ಮಂಚದ ಬುಡಕ್ಕೆ. ಲಕ್ವ ಹೊಡೆದು ಅವರ ಎಡಭಾಗ ಬಿದ್ದುಹೋಗಿತ್ತು. ಕೊಳೆತ ವಾಸನೆಯೊಂದಿಗೆ ಮಲ್ಲಿಗೆ ಹೊಗೆ ಬೆರೆತಾಗ ಸೊಸೆ ಪದ್ಮಶ್ರೀ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಮಂಚ ಗೋಡೆಗೆ ಒತ್ತಿಕೊಂಡಿತ್ತು. ಮುಖ ಬಾಗಿಲಿಗಿರಬೇಕೆಂದರೆ ಅವರು ಸದಾ ಎಡಮಗ್ಗುಲಲ್ಲೇ ಇರಬೇಕು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಎಂದು ಫಿಸಿಯೋಥೆರಪಿಗೆ ಬರುವ ಸುರಯ್ಯಾ ಹೇಳಿ ಹೇಳಿ ಸೋತಿದ್ದಳು. ಅತ್ತೆ ದೊಡ್ಡಮುನಿಯಮ್ಮ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

"ಮನೆ ಯಜಮಾನ್ರು ಕಣಮ್ಮ. ಬಂದೋರಿಗೆ ಬೆನ್ನು ತೋರಿಸ್ಕೊಂಡು ಮಲಗ್ತಾರಾ? ಕಾಯಿಲೆ ಬಿದ್ರೆ ಮರ್ಯಾದೇನೂ ಹೋಗ್ಬೇಕಾ?"

ಆಕೆಯದು ಕಲ್ಲುಮನಸ್ಸಲ್ಲ. ದಿನಾ ಗಂಡನ ತಲೆ ಬಾಚಿ, ಒಗೆದ ಅಂಗಿ ತೊಡಿಸುತ್ತಿದ್ದಳು.

ಮುನಿವೆಂಕಟಪ್ಪನವರಿಗೆ ಉಳಿದಿದ್ದು ತೊದಲುವ ಒಂದೇ ಮಾತು. "ಊರಿ... ಊರಿ..."

"ಪಾಪ, ಇನ್ನೂ ಊರಿಂದೇ ಧ್ಯಾನ. ಹೊಲ ಎಲ್ಲಾ ಲೇಔಟ್ ಆಗೋಯ್ತಲ್ಲ," ಎಂದು ಬಂದವರು ಲೊಚಗುಟ್ಟಿ ಕಾಫಿ ಹೀರುತ್ತಿದ್ದರು.

ಆ ಬೆಳಿಗ್ಗೆ ಸುರಯ್ಯಾ ಹೊದಿಕೆ ಸರಿಸಿ ಪಂಚೆ ಬಿಡಿಸಿದಳು. ಬಟ್ಟೆ ಕೀವಿಗೆ ಅಂಟಿಕೊಂಡು ಚರ್ಮವನ್ನೂ ಎಳೆದುಕೊಂಡು ಬಂತು. ಎಡಸೊಂಟದ ಮೇಲೆ ಕಪ್ಪು ಅಂಚಿನ ಗುಳಿ. ಮುನಿವೆಂಕಟಪ್ಪ ಬಲಗೈಯಿಂದ ಸೊಸೆಯ ಮಣಿಕಟ್ಟು ಹಿಡಿದರು. "ಊರಿ..."

ಊರಲ್ಲ, ಉರಿ. ಪದ್ಮಶ್ರೀಗೆ ಈಗ ತಿಳಿಯಿತು. ಇಷ್ಟು ದಿನ ಇವರು ಉರಿ ಉರಿ ಎಂದು ಬೇಡಿದ್ದರು, ನಾವೆಲ್ಲ ಮೂಗು ಮುಚ್ಚಿಕೊಂಡು ಓಡಾಡಿದ್ದೆವು. ಅವಳಿಗೆ ಕೀವಿನ ಮೇಲೆ ಹೇಸಿಗೆಯಾಗಲಿಲ್ಲ. ಆ ಕಾಫಿಯ ಮೇಲೆ, ಊದುಬತ್ತಿಯ ಮೇಲೆ, ತನ್ನ ಮೇಲೆಯೇ ಅಸಹ್ಯವಾಯಿತು.

"ಗಾಯ ಇನ್ನೂ ಇಳಿದ್ರೆ ಮೂಳೆಗೇ ಹೋಗತ್ತೆ. ನಂಜೇರಿದ್ರೆ ಉಳಿಸ್ಕೊಳ್ಳೋದು ಕಷ್ಟ," ಎಂದಳು ಸುರಯ್ಯಾ. ದೊಡ್ಡಮುನಿಯಮ್ಮ ಗುಳಿಯನ್ನೇ ನೋಡುತ್ತ ಡಾಕ್ಟರನ್ನು ಕರೆಸು ಎಂದು ಸೊಸೆಗೆ ಹೇಳಿದಳು.

ಡಾಕ್ಟರು ಬಂದು ಗಾಯ ತೊಳೆದು ಕಟ್ಟಿ ಹೋದರು. ಮಾವನನ್ನು ತಿರುಗಿಸಲು ಪದ್ಮಶ್ರೀ ಅವರ ಸ್ವಾಧೀನವಿಲ್ಲದ ಎಡಗೈಯನ್ನೇ ಹಿಡಿದಾಗ ಸುರಯ್ಯಾ ತಡೆದಳು. "ಕೈ ಎಳೀಬೇಡಿ, ಭುಜ ಜಾರತ್ತೆ. ಮಂಡಿ ಮಡಚಿ, ಭುಜ, ಸೊಂಟ ಎರಡೂ ಒಟ್ಟಿಗೆ ಹೊರಳಿಸಿ." ಬೆನ್ನ ಹಿಂದೊಂದು, ಮಂಡಿಗಳ ನಡುವೆ ಒಂದು, ಎಡಗೈ ಕೆಳಗೊಂದು ದಿಂಬು ಇಟ್ಟರು. ಗೋಡೆಯ ಕಡೆ ತಿರುಗಿದ ಮುನಿವೆಂಕಟಪ್ಪ ನರಳದೆ ನಿದ್ದೆ ಹೋದರು.

ಸಂಜೆ ಮಗಳ ಮನೆಯ ಬೀಗರು ಬಂದರು. ಪದ್ಮಶ್ರೀ ಊದುಬತ್ತಿ ಹಚ್ಚಲಿಲ್ಲ. ವಾಸನೆಗೆ ಮುಖ ಕಿವುಚಿದ ಬೀಗರು ಮಂಚದತ್ತ ನೋಡಿ ತಡೆದು ನಿಂತರು.

"ಇದೇನು, ಯಜಮಾನ್ರು ನಮಗೆ ಬೆನ್ನು ತಿರುಗಿಸ್ಬಿಟ್ಟಿದಾರೆ?"

ಪದ್ಮಶ್ರೀ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದಳು.

"ನಾನೇ ತಿರುಗಿಸ್ದೆ." ಆಕೆ ಮಂಚದ ಒಂದು ತುದಿ ಹಿಡಿದಳು. "ಆ ಕಡೆ ನೀವು ಹಿಡ್ಕೊಳ್ಳಿ ಬೀಗರೇ, ಮೆಲ್ಲಗೆ. ಗೋಡೆಯಿಂದ ಈಚೆಗೆ ಎಳೆಯೋಣ. ಮುಖ ನೋಡ್ಬೇಕಾದೋರು ಸುತ್ಕೊಂಡು ಬರಲಿ."