ತೋಪಿನ ಚಿಟ್ಟೆ

ಎಂಬತ್ತೊಂದರಲ್ಲಿ ಹುತ್ತೂರಿನ ಕಡೆ ಊಜಿಗಿಂತ ಮೊದಲು ಊಜಿಯ ಸುದ್ದಿ ಬಂತು. ಅದು ಹಗಲು ಹಾರಿಬಂದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಕಪ್ಪು ಮಚ್ಚೆಯೆದ್ದು ಹುಳು ಸಾಯುತ್ತದೆ ಎನ್ನುವುದಷ್ಟೇ ಮುನಿಗಂಗಮ್ಮನ ಕಿವಿಗೆ ಬಿದ್ದದ್ದು. ಮೊಟ್ಟೆ ಎಂದ ಮೇಲೆ ಚಿಟ್ಟೆಯೇ ಇರಬೇಕು. ಹುಳು ಸಾಕುವವರಿಗೆ ಬೇರೇನು ಹೊಳೆದೀತು?

ಆ ಬೆಳೆಯಲ್ಲಿ ನಾಲ್ಕನೇ ಜ್ವರ ಎದ್ದ, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುಗಳ ಮೇಲೆ ಮಚ್ಚೆ ಕಂಡಿತು. ಅದೇ ಮಧ್ಯಾಹ್ನ ಪಕ್ಕದ ಹೊಂಗೆ ತೋಪಿನಿಂದ ಪುಟ್ಟ ಚಿಟ್ಟೆಯೊಂದು ಬಂದು ಕಿಟಕಿಯ ಮೇಲೆ ಕೂತಿತು. ಕಪ್ಪು ರೆಕ್ಕೆ, ಬಿಳಿ ಚುಕ್ಕೆ, ಹೊಟ್ಟೆಗೆ ಹಳದಿ ಪಟ್ಟೆ. ಮುನಿಗಂಗಮ್ಮ ಪೊರಕೆಯಲ್ಲಿ ಹೊಡೆದು, ಮೊರದಲ್ಲಿಟ್ಟು, ಇದೇ ಊಜಿ ಎಂದು ಬೀದಿಗೆಲ್ಲ ತೋರಿಸಿದಳು. ಅವಳು ಒಮ್ಮೆ ತೀರ್ಮಾನ ಮಾಡಿದರೆ ಬ್ರಹ್ಮ ಬಂದರೂ ಬದಲಾಗದು.

ತೋಪು ಭಾರತಮ್ಮನದು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಲು ಇಬ್ಬರೂ ಒಬ್ಬರ ಮನೆಗೊಬ್ಬರು ಮುಯ್ಯಿಗೆ ಹೋಗುತ್ತಿದ್ದವರು. ಆ ಸಲ ಭಾರತಮ್ಮ ಕಾಲು ತೊಳೆದುಕೊಂಡು ಬಂದರೆ ಮುನಿಗಂಗಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನಿನ್ ತೋಪಿಂದ್ಲೇ ಬರ್ತಿರೋದು ಕಣಕ್ಕ. ನಿನ್ ಸೀರೇಗಂಟ್ಕೊಂಡು ಒಳಕ್ ಬರ್ತದೆ. ನೀನು ಬರ್ಬೇಡ.”

ಭಾರತಮ್ಮ ಬಂದ ದಾರಿಯಲ್ಲೇ ಹಿಂದಿರುಗಿದಳು. ಮಾರನೆಯ ದಿನ ತೋಪಿನ ಪೊದೆಯನ್ನೆಲ್ಲ ಕಡಿಸಿ ಬೆಂಕಿ ಹಾಕಿಸಿದಳು. ಆ ಚಿಟ್ಟೆ ಮತ್ತೆ ಕಾಣಲಿಲ್ಲ.

ಮಚ್ಚೆ ಮಾತ್ರ ಮುಂದಿನ ಬೆಳೆಯಲ್ಲಿ ಇನ್ನೂ ಜಾಸ್ತಿಯಾಯಿತು. ಸತ್ತ ಹುಳುವಿನಿಂದ ಹೊರಬಿದ್ದ ಬಿಳಿ ಮರಿಹುಳುವೊಂದನ್ನು ಮುನಿಗಂಗಮ್ಮ ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಟ್ಟಳು. ಕೊನೆಗೆ ಅದರೊಳಗೆ ಎದ್ದು ಕೂತದ್ದು ಚಿಟ್ಟೆಯಲ್ಲ, ಬೂದು ಮೈಯ ದಪ್ಪ ನೊಣ. ಅಂಥವು ಅವಳ ಹುಳುಮನೆಯ ಗೋಡೆಯ ಮೇಲೆಯೇ ಕೂತಿರುತ್ತಿದ್ದವು; ನೊಣ ತಾನೇ ಎಂದು ಬಿಟ್ಟಿದ್ದಳು. ನೆಲದ ಬಿರುಕು ಕೆದಕಿದರೆ ಅದರ ಕಂದು ಕೋಶಗಳು ರಾಶಿ ಸಿಕ್ಕವು. ಅವಳಿಗೆ ಬೋಳು ತೋಪಿನ ಕಡೆ ಕಣ್ಣೆತ್ತಿ ನೋಡಲು ನಾಚಿಕೆಯಾಯಿತು.

ಮತ್ತೆ ಹುಳು ಹಣ್ಣಾದ ದಿನ ತಾನೇ ಹೋಗಿ ಭಾರತಮ್ಮನನ್ನು ಕರೆದಳು. ಊಜಿ ತನ್ನ ಮನೆಯಲ್ಲೇ ಇತ್ತು, ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. ಭಾರತಮ್ಮ ಹೂಂ ಎಂದು ಹಿಂದೆಯೇ ಬಂದಳು. ಬಾಗಿಲಲ್ಲಿ ಕಾಲು ತೊಳೆದು, ಸೆರಗು ಕೊಡವಿದಳು, ನೆರಿಗೆ ಕೊಡವಿದಳು.

“ಅದೆಲ್ಲ ಬೇಡ, ಬಾ ಅಕ್ಕ,” ಎಂದಳು ಮುನಿಗಂಗಮ್ಮ.

“ಇರ್ಲಿ ಬಿಡಮ್ಮ. ಕೊಡವ್ಕೊಂಡೇ ಬರ್ತೀನಿ.”

ಹಿಂದೆಲ್ಲ ‘ಗಂಗಿ’ ಎನ್ನುತ್ತಿದ್ದವಳ ಬಾಯಲ್ಲಿ ಈಗ ‘ಅಮ್ಮ’ ಬಂದಿತ್ತು. ಆಮೇಲೆ ಎಷ್ಟೋ ಬೆಳೆ ಬಂದವು, ಭಾರತಮ್ಮ ಒಂದು ಮುಯ್ಯಿಯನ್ನೂ ತಪ್ಪಿಸಲಿಲ್ಲ. ಸೀರೆ ಕೊಡವದೆ ಒಳಗೆ ಬರಲೂ ಇಲ್ಲ.