ನಾಲ್ಕನೆಯ ಮಣಿ

“ಈ ಕೆಲಸ ನಮ್ಮ ಅಳಿಯಂದ್ರಿಗೆ ಕೊಡಿ ಅಮ್ಮ. ಮದುವೆಯಾಗಿ ನಾಲ್ಕು ವರ್ಷ ಆಯ್ತು, ಮರದ್ದಾದ್ರೂ ಒಂದು ಜೊತೆ ಮಾಡ್ಲಿ.”

ನನ್ನ ಸೋದರಮಾವ ಈ ಮಾತನ್ನು ಹೇಳಿದ್ದು ತನ್ನ ಮರ ಕಡೆಯುವ ಕಾರ್ಖಾನೆಯ ನಟ್ಟನಡುವೆ ನಿಂತು. ಕರೆಂಟ್ ಹೋಗಿ ಮೂರು ಲೇತುಗಳೂ ನಿಂತಿದ್ದವು, ಹಾಗಾಗಿ ಒಂದಕ್ಷರವೂ ಯಾರ ಕಿವಿಗೂ ತಪ್ಪಲಿಲ್ಲ. ಗರಗಸದವನು ಮೀಸೆಯಡಿಯಲ್ಲಿ ನಕ್ಕ. ಕುರ್ಚಿಯ ಕಾಲುಗಳನ್ನು ಒಯ್ಯಲು ಬಂದಿದ್ದ ಗಿರಾಕಿ, ಅವತ್ತೇ ಮೊದಲ ಸಲ ನನ್ನ ಮುಖ ನೋಡಿದವನು, ಅವನೂ ನಕ್ಕ. ಪಾಲಿಶ್ ತಾತ ಮಾತ್ರ ತಲೆ ಎತ್ತದೆ ಮಂಚದ ಕಾಲೊಂದನ್ನು ಉಜ್ಜುತ್ತಲೇ ಇದ್ದ.

ಪ್ರೀತಿ ಬಂದಾಗ ಮಾವ ನನ್ನನ್ನು ‘ಲೋ’ ಅನ್ನುತ್ತಾನೆ. ‘ಅಳಿಯಂದ್ರು’ ಅಂತ ಬಹುವಚನ ಹಚ್ಚಿದ ದಿನ ನಾಲಿಗೆಯಲ್ಲಿ ವಿಷ ಇದೆ ಅಂತಲೇ ಅರ್ಥ. ನನ್ನ ಕೈಯಲ್ಲಿ ಉಳಿ ಇತ್ತು. ನನ್ನ ಸ್ವಭಾವಕ್ಕೆ ಅದು ಅಷ್ಟು ಹೊತ್ತಿಗೆ ಎಲ್ಲಾದರೂ ನಾಟಿರಬೇಕಿತ್ತು. ಆದರೆ ಆರ್ಡರು ತಂದಿದ್ದ ಡಾಕ್ಟರಮ್ಮ ನಗಲಿಲ್ಲ. ಮಾವನ ಕಡೆ ತಿರುಗಿಯೂ ನೋಡದೆ ನೇರವಾಗಿ ನನ್ನನ್ನೇ ಕೇಳಿದರು, ಮಾಡ್ತೀರಾ ಅಂತ. ನನಗೆ ‘ರಾ’ ಹಚ್ಚಿ ಮಾತಾಡುವವರು ಕಡಿಮೆ. ಮಾಡ್ತೀನಿ ಅಂದೆ.

ಅವರ ಕೈಯಲ್ಲಿ ಒಂದು ಮಾಲೆ ಇತ್ತು. ಮೊಟ್ಟೆಯಾಕಾರದ ಹನ್ನೆರಡು ಪ್ಲಾಸ್ಟಿಕ್ ಮಣಿ. ಮೊದಲನೆಯದು ಕಡಲೆಬೀಜಕ್ಕಿಂತ ತುಸು ದಪ್ಪ, ಕೊನೆಯದು ಸಣ್ಣ ನಿಂಬೆಹಣ್ಣಿನಷ್ಟು. ಗಂಡಸಿನ ವೃಷಣ ಎಷ್ಟು ದೊಡ್ಡದು ಅಂತ ಅಳೆಯುವ ಸಾಧನ ಅದು. ವೈದ್ಯರು ಒಂದು ಕೈಯಲ್ಲಿ ಮಣಿ ಹಿಡಿಯುತ್ತಾರೆ, ಇನ್ನೊಂದು ಕೈಯಲ್ಲಿ ಅದನ್ನು. ಯಾವ ಮಣಿಗೆ ಸಮ ಅಂತ ಬೆರಳೇ ಹೇಳಬೇಕು. ಅವರ ಆಸ್ಪತ್ರೆಯಲ್ಲಿ ಗಂಡಸರ ಮೇಲೆ ಒಂದು ಸಂಶೋಧನೆ ಶುರುವಾಗುತ್ತಿತ್ತು. ಕೊಂಡು ತಂದ ಮಾಲೆಗಳು ಒಂದಕ್ಕೊಂದು ಹೊಂದುತ್ತಿಲ್ಲ, ಆದ್ದರಿಂದ ನಲವತ್ತು ಮಾಲೆ ಬೇಕು, ನಲವತ್ತೂ ಒಂದೇ ತರ ಇರಬೇಕು. ಒಂದನೇ ಮಣಿ ಸರಿಯಾಗಿ ಒಂದು ಮಿಲಿಲೀಟರ್ ನೀರಿನ ಜಾಗ ಹಿಡಿಯಬೇಕು, ಎರಡನೆಯದು ಎರಡು, ಹೀಗೆ ಆರರವರೆಗೆ ಒಂದೊಂದೇ, ಆಮೇಲೆ ಎಂಟು, ಹತ್ತು, ಹನ್ನೆರಡು, ಹದಿನೈದು, ಇಪ್ಪತ್ತು, ಕೊನೆಯದು ಇಪ್ಪತ್ತೈದು. ಅಳೆಯಲು ಗೆರೆ ಕೊರೆದ ಗಾಜಿನ ಕೊಳವೆಯೊಂದನ್ನೂ ಕೊಟ್ಟು ಹೋದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಲೆಕ್ಕದ ಮೇಷ್ಟ್ರು ಡಸ್ಟರ್ ಎಸೆದರು, ನಾನು ಅದನ್ನು ಅವರಿಗೇ ವಾಪಸ್ ಎಸೆದೆ, ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು. ಮಾವನಿಗೋ ತಾನೇ ದೊಡ್ಡ ಲೆಕ್ಕಿಗ ಅಂತ ಜಂಬ. ಒಂದನೇ ಮಣಿಯ ಉದ್ದ, ದಪ್ಪ ಎರಡನ್ನೂ ದುಪ್ಪಟ್ಟು ಮಾಡು, ಎರಡನೆಯದು ರೆಡಿ, ಇದಕ್ಕೇನು ಕಾಲೇಜಿಗೆ ಹೋಗಬೇಕಾ ಅಂದ. ಹಾಗೇ ಕಡೆದು ಕೊಳವೆಯ ನೀರಿನಲ್ಲಿ ಮುಳುಗಿಸಿದೆ. ನೀರು ಎರಡರ ಗೆರೆ ದಾಟಿತು, ನಾಲ್ಕರದ್ದು ದಾಟಿತು, ಎಂಟರ ಹತ್ತಿರ ಹೋಗಿ ನಿಂತಿತು. ಕೊಳವೆಯೇ ಸರಿಯಿಲ್ಲ ಅಂದ ಮಾವ, ಎದ್ದು ಟೀ ಕುಡಿಯಲು ಹೋದ.

ನಾನು ಅಲ್ಲೇ ಕೂತೆ. ಕೂದಲೆಳೆಯಷ್ಟು ಕೆರೆಯುವುದು, ಮುಳುಗಿಸುವುದು, ಮತ್ತೆ ಕೆರೆಯುವುದು. ಎರಡು ದಿನ ಹಿಡಿಯಿತು. ಉದ್ದ, ದಪ್ಪ ಎರಡರಲ್ಲೂ ಕಾಲು ಭಾಗ ಹೆಚ್ಚಿದರೆ ಸಾಕು, ಒಡಲು ಇಮ್ಮಡಿಯಾಗುತ್ತದೆ. ಇಪ್ಪತ್ತಕ್ಕೂ ಇಪ್ಪತ್ತೈದಕ್ಕೂ ದಪ್ಪದಲ್ಲಿ ಎರಡೂವರೆ ಮಿಲಿಮೀಟರಿನ ಅಂತರವೂ ಇಲ್ಲ. ಹೊರಗೆ ಕಾಣಿಸದಂತೆ ಒಳಗೆ ಇಷ್ಟೊಂದು ತುಂಬಿಕೊಳ್ಳುತ್ತದಲ್ಲ, ಇದನ್ನು ಆ ಮೇಷ್ಟ್ರು ಒಂದು ದಿನ ನೀರಿನಲ್ಲಿ ಅದ್ದಿ ತೋರಿಸಿದ್ದರೆ ನಾನು ಡಸ್ಟರ್ ಎಸೆಯುತ್ತಿದ್ದೆನಾ? ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಆಮೇಲೆ ಇನ್ನೊಂದು ಪೀಕಲಾಟ. ಬೆಳಿಗ್ಗೆ ಸರಿಯಿದ್ದ ಮಣಿ ಸಂಜೆಗೆ ಊದಿಕೊಂಡಿರುತ್ತಿತ್ತು. ಪಾಲಿಶ್ ತಾತ ಮೂರು ದಿನ ನನ್ನ ಒದ್ದಾಟ ನೋಡಿ ಕೊನೆಗೆ ಬಾಯಿ ಬಿಟ್ಟ. “ಮೊದ್ಲು ಅದಕ್ಕೆ ಅಂಗಿ ಹಾಕೋ ಮಗಾ. ಬೆತ್ತಲೆ ಮರ ನೀರು ಕುಡಿಯತ್ತೆ.” ಅಂದಿನಿಂದ ತುಸು ಕಮ್ಮಿ ಕಡೆದು, ಎರಡು ಕೈ ವಾರ್ನಿಶ್ ಹೊಡೆದು, ಒಣಗಿಸಿ, ತೇಲದಂತೆ ಸೂಜಿಯಿಂದ ಒತ್ತಿ ಅಳೆದೆ. ತಿಂಗಳು ಕಳೆಯುವಷ್ಟರಲ್ಲಿ ಕೊಳವೆಯ ಹಂಗೇ ಬೇಡವಾಯಿತು. ಕಣ್ಣು ಮುಚ್ಚಿ ಮಣಿಯನ್ನು ಎರಡು ಬೆರಳ ನಡುವೆ ಹಿಡಿದರೆ ಇದು ಆರು, ಇದು ಎಂಟು ಅಂತ ಕೈ ಹೇಳುತ್ತಿತ್ತು. ಗರಗಸದವನು ಬೆನ್ನ ಹಿಂದಿನಿಂದ ಮಣಿ ಕೊಟ್ಟು ಪರೀಕ್ಷೆ ಮಾಡಿದ. ಒಂದು ಸಲವೂ ತಪ್ಪಲಿಲ್ಲ.

ಮೊದಲ ಹತ್ತು ಮಾಲೆ ನೋಡಲು ಬಂದ ಡಾಕ್ಟರಮ್ಮ ಒಂದೊಂದೇ ಮಣಿಯನ್ನು ನೀರಿನಲ್ಲಿ ಮುಳುಗಿಸಿ ನೋಡಿದರು. ನೂರಿಪ್ಪತ್ತು ಮಣಿ. ಆಮೇಲೆ ನನ್ನ ಲೇತಿನ ಪಕ್ಕದ ಸ್ಟೂಲಿನಲ್ಲಿ ಕೂತು, ಯಾವ ಸಂಖ್ಯೆಗೆ ಏನರ್ಥ ಅಂತ ಹೇಳಿದರು. ಒಂದು, ಎರಡು, ಮೂರು ಚಿಕ್ಕ ಮಕ್ಕಳದ್ದು. ನಾಲ್ಕಕ್ಕೆ ಬಂತೆಂದರೆ ಹುಡುಗ ದೊಡ್ಡವನಾಗತೊಡಗಿದ ಅಂತ. ಹನ್ನೆರಡು ದಾಟಿದರೆ ಬೆಳೆದ ಗಂಡಸು. ಇಪ್ಪತ್ತರ ಮಣಿಯನ್ನು ನನ್ನ ಅಂಗೈಯಲ್ಲಿಟ್ಟರು.

“ನಿಜವಾದದ್ದರೊಳಗೆ ದಾರದಂಥ ಕೊಳವೆ ಸುತ್ತಿಟ್ಟಿರತ್ತೆ. ಎಲ್ಲಾ ಬಿಚ್ಚಿ ತುದಿಗೆ ತುದಿ ಸೇರಿಸಿದ್ರೆ ಹೆಚ್ಚುಕಮ್ಮಿ ಕಾಲು ಕಿಲೋಮೀಟರ್. ಎದೆ ಒಂದು ಸಲ ಬಡಿಯೋದ್ರೊಳಗೆ ಅಲ್ಲಿ ಸಾವಿರ ವೀರ್ಯಾಣು ತಯಾರಾಗ್ತವೆ.”

ಅವರು ಹೋದ ಮೇಲೆ ನಾನು ಆ ಮಣಿ ಹಿಡಿದುಕೊಂಡೇ ಬೀದಿಗೆ ಇಳಿದೆ. ಕಾರ್ಖಾನೆಯ ಬಾಗಿಲಿನಿಂದ ಹೆಜ್ಜೆ ಎಣಿಸುತ್ತ ನಡೆದೆ. ಬೀಗ ರಿಪೇರಿಯವನ ಅಂಗಡಿ, ಇಸ್ತ್ರಿ ಅಂಗಡಿ, ಔಷಧಿ ಅಂಗಡಿ, ಸೈಕಲ್ ನಿಲ್ಲಿಸುವ ಜಾಗ. ಮುನ್ನೂರೈವತ್ತು ಹೆಜ್ಜೆಗೆ ಬೀದಿಯೇ ಮುಗಿದು ಸಿಗ್ನಲ್ ಕಂಬ ಬಂತು. ತಿರುಗಿ ನೋಡಿದೆ. ನಮ್ಮ ಕಾರ್ಖಾನೆಯ ಬೋರ್ಡು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಇಷ್ಟುದ್ದ ಬೀದಿ ಸುತ್ತಿಕೊಂಡು ಇಷ್ಟರೊಳಗೆ ಕೂತಿದೆ ಅಂದರೆ! ಯಾವ ಉಳಿ, ಯಾವ ಕೈ ಇದನ್ನು ಕಡೆದದ್ದು? ದಾರಿಯಲ್ಲಿ ಹೋಗುತ್ತಿದ್ದ ಒಬ್ಬೊಬ್ಬ ಗಂಡಸನ್ನೂ, ಅಂಚೆಯವನನ್ನು, ಮೂಟೆ ಹೊರುವವನನ್ನು, ಬೆರಗುಗಣ್ಣಿನಿಂದ ನೋಡಿದೆ. ಇವರಿಗೆ ಗೊತ್ತಾ, ತಾವು ಎರಡೆರಡು ಬೀದಿ ಹೊತ್ತುಕೊಂಡು ಓಡಾಡುತ್ತಿದ್ದೇವೆ ಅಂತ?

ಆ ಸಂಜೆ ಸ್ನಾನದ ಮನೆಯಲ್ಲಿ ಸೋಪು ಹಚ್ಚಿಕೊಳ್ಳುತ್ತಿದ್ದೆ. ನಾನು ಕೇಳಿರಲಿಲ್ಲ. ಕೈ ತಾನಾಗಿ ಹೇಳಿತು: ನಾಲ್ಕು.

ಇನ್ನೊಂದನ್ನು ಹಿಡಿದು ನೋಡಿದೆ. ಅದೂ ನಾಲ್ಕು. ತಿಂಗಳಿಡೀ ತಪ್ಪದ ಕೈ ಇವತ್ತು ತಪ್ಪಿರಲಿ ಅಂತ ಬಕೆಟ್ಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಎಷ್ಟೋ ಹೊತ್ತು ಬೇಡಿಕೊಂಡೆ. ನೀರು ತಣ್ಣಗಾಯಿತು.

ಮಕ್ಕಳಾಗಲಿ ಅಂತ ಮೂರು ವರ್ಷದಿಂದ ಮಾತ್ರೆ ನುಂಗುತ್ತಿದ್ದವಳು ನನ್ನ ಹೆಂಡತಿ. ಸೂಜಿ ಚುಚ್ಚಿಸಿಕೊಂಡವಳು, ಬಣ್ಣದ ನೀರು ಹಾಕಿಸಿಕೊಂಡು ಎಕ್ಸ್‌ರೇ ತೆಗೆಸಿಕೊಂಡವಳು ಅವಳು. ಅವಳ ಒಳಗನ್ನೆಲ್ಲ ನೋಡಿ ಮುಗಿಸಿದ, ನಾವು ಹೋಗುತ್ತಿದ್ದ ಕ್ಲಿನಿಕ್ಕಿನವರು ನನ್ನ ಪ್ಯಾಂಟಿನ ಒಂದು ಗುಂಡಿ ಬಿಚ್ಚಿಸಿರಲಿಲ್ಲ. ಅವರನ್ನು ಬೈಯುವುದು ಸುಲಭ. ಒಮ್ಮೆ ನನಗೂ ಪರೀಕ್ಷೆ ಬರೆದ ಚೀಟಿ ಕೊಟ್ಟಾಗ, ನನಗೇನು ರೋಗ ಅಂತ ಅಲ್ಲೇ ಹರಿದು ಬಿಸಾಕಿದವನು ನಾನೇ.

ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮೂರನೇ ದಿನ ಅವಳು ಮಾತ್ರೆಯ ಡಬ್ಬಿ ತೆಗೆದಾಗ ತಡೆಯಲಾಗಲಿಲ್ಲ. ಅವಳ ಒಂದು ಕೈಯಲ್ಲಿ ಹದಿನೈದರ ಮಣಿ ಇಟ್ಟೆ, ಇನ್ನೊಂದರಲ್ಲಿ ನಾಲ್ಕರದ್ದು. ಇದು ಊರವರದ್ದು, ಇದು ನನ್ನದು ಅಂದೆ. ಅವಳು ಎರಡನ್ನೂ ತೂಗಿ ನೋಡಿದಳು. ಮುಖ ಎತ್ತಲಿಲ್ಲ.

“ಹಾಗಾದ್ರೆ ನಾನು ಇಷ್ಟು ದಿನ ನುಂಗಿದ್ದು ನಿಮ್ಮ ಮಾತ್ರೇನಾ?”

ಅಂದವಳೇ ನಕ್ಕಳು. ನಗು ನಡುವೆಯೇ ಮುರಿದು ಅಳುವಾಯಿತು. ಡಬ್ಬಿಯನ್ನು ಎತ್ತಿ ಗೋಡೆಗೆ ಬೀಸಿ ಒಗೆದಳು. ಕೋಪದಲ್ಲಿ ಅವಳೇನೂ ನನಗಿಂತ ಕಡಿಮೆಯಲ್ಲ. ಆಮೇಲೆ ಇಬ್ಬರೂ ಮಂಡಿಯೂರಿ ನೆಲದ ಮೇಲೆ ಚೆಲ್ಲಿದ ಮಾತ್ರೆ ಆರಿಸಿದೆವು. ಕೊನೆಯದನ್ನು ಮಂಚದಡಿಯಿಂದ ತೆಗೆಯುತ್ತ ಹೇಳಿದಳು. “ನಾಳೆ ಆ ಡಾಕ್ಟರಮ್ಮನ ಹತ್ರ ಹೋಗೋಣ. ಅಲ್ಲಿ ಸಿಟ್ಟು ಮಾಡ್ಕೊಂಡ್ರೆ ನಾನು ನಿಮ್ಮನ್ನ ಅಲ್ಲೇ ಬಿಟ್ಟು ಬರ್ತೀನಿ.”

ಡಾಕ್ಟರಮ್ಮ ನಾನೇ ಕಡೆದ ಮಾಲೆ ಹಿಡಿದು ನನ್ನನ್ನು ಅಳೆದರು. ನಾಲ್ಕು ಅಂದರು. ಗೊತ್ತು ಅಂದೆ. ಹೇಗೆ ಗೊತ್ತು ಅಂತ ಅವರು ಕೇಳಲಿಲ್ಲ, ನನ್ನ ಬೆರಳುಗಳನ್ನು ನೋಡಿದರು. ರಕ್ತ ಪರೀಕ್ಷೆಯಾಯಿತು. ಬಾಟಲಿಯಲ್ಲಿ ಕೊಟ್ಟದ್ದರಲ್ಲಿ ಒಂದು ವೀರ್ಯಾಣುವೂ ಇರಲಿಲ್ಲ. ನಾನು ಹುಟ್ಟುವಾಗಲೇ ನನ್ನ ಒಂದೊಂದು ಜೀವಕೋಶದಲ್ಲೂ ಒಂದು ವರ್ಣತಂತು ಹೆಚ್ಚಿಗೆ ಬಂದಿತ್ತಂತೆ. ನನ್ನ ತಪ್ಪಲ್ಲ, ಹೆತ್ತವರ ತಪ್ಪೂ ಅಲ್ಲ. ಕಮ್ಮಿಯಿದ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆ, ಹೆಚ್ಚಾಗಿದ್ದಕ್ಕೆ ಹೀಗಾಯಿತಲ್ಲ ಅಂತ ನನಗೆ ನಗು ಬಂತು. ಇಂಥವರ ಕೊಳವೆಗಳು ಬಹುತೇಕ ಒಣಗಿರುತ್ತವೆ. ಆದರೆ ಎಲ್ಲೋ ಒಂದು ಮೂಲೆಯಲ್ಲಿ ಒಂದಿಷ್ಟು ಎಳೆ ಇನ್ನೂ ಕೆಲಸ ಮಾಡುತ್ತಿರಬಹುದು. ಹತ್ತು ಜನರಲ್ಲಿ ನಾಲ್ಕೈದು ಜನಕ್ಕೆ ಅಲ್ಲಿ ವೀರ್ಯಾಣು ಸಿಗುತ್ತದೆ. ಯಾರಿಗೆ ಸಿಗುತ್ತದೆ ಅಂತ ಮೊದಲೇ ತಿಳಿಯುವುದು ಹೇಗೆ, ಅವರ ಸಂಶೋಧನೆ ಹುಡುಕುತ್ತಿದ್ದದ್ದು ಅದನ್ನೇ. ಸದ್ಯಕ್ಕೆ ತೆರೆದು ನೋಡದೆ ಬೇರೆ ದಾರಿಯಿಲ್ಲ.

ತೆರೆದ ದಿನ ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ನನಗೆ ಎಚ್ಚರವಿತ್ತು. ನಡುವೆ ಹಸಿರು ಪರದೆ, ತಲೆಯ ಹತ್ತಿರ ಗೋಡೆಯಲ್ಲಿ ಒಂದು ಟಿವಿ. ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ಕಂಡದ್ದೆಲ್ಲ ಅದರಲ್ಲಿ ಕಾಣುತ್ತಿತ್ತು. ನೋಡಲೇಬೇಕು ಅಂತಿಲ್ಲ ಅಂದಿದ್ದರು. ನಾನು ರೆಪ್ಪೆ ಬಡಿಯದೆ ನೋಡಿದೆ.

ಎಳೆಗಳು. ಸಾವಿರಾರು. ಒದ್ದೆಯಾಗಿ, ಮಂಕು ಹಳದಿಯಾಗಿ, ಒಂದರ ಮೇಲೊಂದು ಮಲಗಿದ್ದವು. ನನ್ನ ಬೀದಿ. ಮುದುಡಿಹೋದ, ದೀಪವಾರಿದ ಬೀದಿ, ಆದರೂ ಬೀದಿಯೇ. ಚಿಮುಟದ ಎರಡು ಮೊನೆಗಳು ಒಂದೊಂದೇ ಎಳೆಯನ್ನು ಸರಿಸುತ್ತ ಹೋದವು, ಎಂಥ ನಾಜೂಕು ಅಂದರೆ, ಉಳಿ ಹಿಡಿದು ಹತ್ತು ವರ್ಷ ಕಳೆದ ನನಗೆ ನನ್ನ ಕೈಯ ಬಗ್ಗೆ ನಾಚಿಕೆಯಾಯಿತು. ಒಂದು ಗಂಟೆ. ಎರಡು. ಉಳಿದವಕ್ಕಿಂತ ಕೊಂಚ ದಪ್ಪಗೆ, ಕೊಂಚ ಬೆಳ್ಳಗೆ ಕಂಡ ತುಣುಕನ್ನು ಕತ್ತರಿಸಿ ಪಕ್ಕದ ಕೋಣೆಗೆ ಕಳಿಸುತ್ತಿದ್ದರು. ಅಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರು. ಪ್ರತಿ ಸಲವೂ ಕಿಟಕಿಯಿಂದ ಅವರ ದನಿ ಬರುತ್ತಿತ್ತು: ಇಲ್ಲ. ಇದರಲ್ಲೂ ಇಲ್ಲ. ಹದಿನೇಳು ಸಲ ‘ಇಲ್ಲ’ ಕೇಳಿದೆ. ಕುರ್ಚಿಯ ಕಾಲು ಹೀಗೆ ಹದಿನೇಳು ಸಲ ಹಾಳಾಗಿದ್ದರೆ ಮಾವ ಮರವನ್ನೇ ಒಲೆಗೆ ಹಾಕುತ್ತಿದ್ದ. ಇವರಿಗೆ ನಾನು ಯಾರು? ಬೀದಿಯಲ್ಲಿ ಸಿಕ್ಕರೆ ಗುರುತೂ ಸಿಗದ ಒಬ್ಬ ಬಡಗಿ. ನನ್ನೊಳಗಿನ ಒಂದು ಕಣಕ್ಕಾಗಿ ಇಬ್ಬರು ಹೆಂಗಸರು ಊಟ ಬಿಟ್ಟು ಹುಡುಕುತ್ತಿದ್ದರು.

ಹದಿನೆಂಟನೇ ಸಲ ‘ಇಲ್ಲ’ ಬರಲಿಲ್ಲ. ಡಾಕ್ಟರಮ್ಮನ ಕೈ ನಿಂತಿತು. ಕಿಟಕಿಯಲ್ಲಿ ಕನ್ನಡಕ ಕಾಣಿಸಿತು.

“ಒಂದಿದೆ ಮೇಡಂ. ಮಿಸುಕ್ತಾ ಇದೆ.”

ಟಿವಿಯ ಚಿತ್ರ ಬದಲಾಯಿತು. ಬೂದು ಬಣ್ಣದ ಕಸಕಡ್ಡಿಯ ನಡುವೆ ಒಂದು ಸಣ್ಣ ತಲೆ, ಅದಕ್ಕೊಂದು ಬಾಲ. ಅದು ಈಜುತ್ತಿರಲಿಲ್ಲ. ನಿಂತಲ್ಲೇ ಬಾಲವನ್ನು ಒಮ್ಮೆ ಆಡಿಸಿತು, ಸುಮ್ಮನಾಯಿತು, ಮತ್ತೆ ಆಡಿಸಿತು. ಅದರ ಉದ್ದ ನಾನು ಮರದ ದಪ್ಪ ಅಳೆಯುವ ಕ್ಯಾಲಿಪರಿನ ಅತಿ ಸಣ್ಣ ಗೆರೆಯ ಅರ್ಧ. ಆ ಅರ್ಧ ಗೆರೆಯೊಳಗೆ ನನ್ನ ಅಪ್ಪನ ಮೂಗು, ನನ್ನ ಅಮ್ಮನ ನಡಿಗೆ, ನನ್ನ ಹಾಳು ಸಿಟ್ಟು, ಎಲ್ಲ ಮಡಚಿ ಕೂತಿದೆಯಂತೆ. ಮೀಸೆ ಚಿಗುರಿದಂದಿನಿಂದ, ಯಾರೂ ನೋಡದಿದ್ದರೂ, ಯಾರೂ ಕೇಳದಿದ್ದರೂ, ಬತ್ತಿದ ಬೀದಿಯ ಒಂದು ಮೂಲೆಯಲ್ಲಿ ಯಾರೋ ಒಬ್ಬ ಬಾಗಿಲು ತೆರೆದಿಟ್ಟು ಕೆಲಸ ಮಾಡುತ್ತಲೇ ಇದ್ದ. ನನ್ನ ಕಣ್ಣಿನಿಂದ ನೀರು ಕಿವಿಯೊಳಕ್ಕೆ ಇಳಿಯಿತು. ಕೈ ಕಟ್ಟಿದ್ದರು, ಒರೆಸಿಕೊಳ್ಳಲಾಗಲಿಲ್ಲ.

ಸಂಜೆಯೊಳಗೆ ಏಳು ಸಿಕ್ಕವು. ಏಳನ್ನೂ ಹೆಪ್ಪುಗಟ್ಟಿಸಿ ಇಟ್ಟರು. ಇದು ಇನ್ನೂ ಮಗುವಲ್ಲ, ಮಗುವಿಗೆ ಬಹಳ ದೂರ ಇದೆ, ಆಗದೆಯೂ ಹೋಗಬಹುದು ಅಂತ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಹೆಂಡತಿ ತಲೆಯಾಡಿಸಿದಳು. ಅವಳ ಮುಷ್ಟಿಯಲ್ಲಿ ನಾಲ್ಕರ ಮಣಿ ಇತ್ತು.

ಮೂರು ವಾರ ಬಿಟ್ಟು ಕಾರ್ಖಾನೆಗೆ ಹೋದೆ. ಕೊನೆಯ ಮಾಲೆಗಳನ್ನು ಆಸ್ಪತ್ರೆಗೆ ಒಯ್ಯಬೇಕಿತ್ತು. ಅಂಡಾಣು ಬೆಳೆಸಲು ಹೆಂಡತಿಗೆ ಮೊದಲ ಇಂಜೆಕ್ಷನ್ ಕೊಡುವ ದಿನವೂ ಅದೇ. ಅವಳು ಸಿಗ್ನಲ್ ಕಂಬದ ಹತ್ತಿರ ಕಾಯುತ್ತಿದ್ದಳು. ಗಿರಾಕಿಗಳಿಬ್ಬರು ಇದ್ದರು. ಗರಗಸದವನಿದ್ದ, ಪಾಲಿಶ್ ತಾತನಿದ್ದ. ಮಾವ ನನ್ನನ್ನು ಕಂಡವನೇ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

“ಬಂದ್ರು ನಮ್ಮ ಅಳಿಯಂದ್ರು. ಆಸ್ಪತ್ರೆಯವರು ದಿನವಿಡೀ ಕೆದಕಿದ್ರಂತೆ? ಏನಾದ್ರೂ ಸಿಕ್ತಾ, ಇಲ್ಲಾ ಬರೀ ಮರದ ಹೊಟ್ಟಾ?”

ಗರಗಸದವನ ಮೀಸೆ ಅಲುಗಿತು. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಮಾತು ಬಂದು ನಿಂತವು, ಒಂದಕ್ಕಿಂತ ಒಂದು ಹರಿತ. ಏಳು ಅಂತ ಒಂದೇ ಮಾತು ಅಂದರೂ ಸಾಕಿತ್ತು. ಆ ಏಳನ್ನು ತಂದು ಈ ನಗುವ ಹಲ್ಲುಗಳ ಮುಂದೆ ಇಡಬೇಕಾ? ಬೂದು ಕಸದ ನಡುವೆ ಒಮ್ಮೆ ಆಡಿದ ಆ ಬಾಲ ನೆನಪಾಯಿತು.

ಮಾಲೆಗಳನ್ನು ಮೊಳೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡೆ. ಪಾಲಿಶ್ ತಾತ ಕಾಲು ಸರಿಸಿ ದಾರಿ ಬಿಟ್ಟ. ಹಿಂದಿನಿಂದ ಮಾವ ಕೂಗಿದ, ಈ ಸಲ ದನಿ ಬೇರೆಯಾಗಿತ್ತು. “ಲೋ, ಏನಾಯ್ತು ಹೇಳೋ.”

ನಾನು ಬೀದಿಗೆ ಇಳಿದಿದ್ದೆ. ಹೆಗಲ ಮೇಲೆ ಮಣಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬೀಗ ರಿಪೇರಿಯವನ ಅಂಗಡಿ ದಾಟಿದೆ, ಇಸ್ತ್ರಿ ಅಂಗಡಿ ದಾಟಿದೆ.