ಗೋಲಿ ಒದ್ದೆ ಮಾಡಿದ ಮೂಲೆ

ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷಕ್ಕೆ ಗಾಜಿನವನು ನಾಯಿಯ ಉಚ್ಚೆಯ ಮೇಲೆ ಕಾಲಿಟ್ಟು ಜಾರಿ ಬಿದ್ದ. ಬಲ ಮೊಣಕೈ ನೆಲಕ್ಕೆ ಬಡಿಯಿತು. ಎದ್ದವನು ದೀಪ ಹಾಕಲಿಲ್ಲ. ಗೋಡೆಗೆ ಒರಗಿಸಿದ್ದ ಮರದ ಅಳತೆಪಟ್ಟಿಯನ್ನು ಕತ್ತಲಲ್ಲೇ ತಡಕಿ ಹಿಡಿದ. ಗಾಜು ಕೊಯ್ಯುವಾಗ ಗೆರೆ ನೇರ ಬರಲೆಂದು ಇಟ್ಟುಕೊಳ್ಳುವ ಪಟ್ಟಿ ಅದು, ಅವನ ಎದೆಯೆತ್ತರ ಇತ್ತು. ನಾಯಿ ಮೇಜಿನ ಕೆಳಗೆ ನುಸುಳುವಷ್ಟರಲ್ಲಿ ಮೂರು ಏಟು ಬಿದ್ದಿದ್ದವು. ಕೊನೆಯದು ಪಕ್ಕೆಗೆ. ನಾಯಿ ಬೊಗಳಲಿಲ್ಲ, ಕಚ್ಚಲೂ ಬರಲಿಲ್ಲ. ಎಳೆಮಗುವಿನ ಹಾಗೆ ಒಮ್ಮೆ ಕಿರುಚಿ ಸುಮ್ಮನಾಯಿತು.

ಒಳಕೋಣೆಯಿಂದ ಹೆಂಡತಿ ಬಂದು ದೀಪ ಹಾಕಿದಳು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಅವಳದು. ಹೇಗೂ ಇನ್ನರ್ಧ ಗಂಟೆಯಲ್ಲಿ ಏಳಬೇಕಾಗಿತ್ತು.

"ರೀ, ಅದನ್ನ ಕೆಳಗಿಡಿ."

"ಕೈ ಮುರೀತಿತ್ತು ಕಣೇ ನಂದು! ಗಾಜು ಹಿಡ್ಕೊಂಡು ಬಿದ್ದಿದ್ರೆ?"

"ಈ ಹೊತ್ತಲ್ಲಿ ಗಾಜು ಹೊತ್ಕೊಂಡು ಓಡಾಡೋಕೆ ನಿಮಗೇನು ದೆವ್ವ ಹಿಡಿದಿದೆಯಾ? ಇಡಿ ಅಂದೆ."

ಅವನು ಇಡಲಿಲ್ಲ. ಮೇಜಿನ ಅಂಚಿಗೆ ಅಪ್ಪಳಿಸಿದ. ಪಟ್ಟಿ ಎರಡು ತುಂಡಾಯಿತು. ಮೇಜಿನ ಕೆಳಗೆ ನಾಯಿ ಮತ್ತೊಮ್ಮೆ ಉಚ್ಚೆ ಹೊಯ್ದುಕೊಂಡಿತು.

ನಾಯಿಯ ಹೆಸರು ಗೋಲಿ. ಮೊಣಕಾಲೆತ್ತರವೂ ಇಲ್ಲದ, ಕಂದು ಬಿಳಿ ಬೆರಕೆಯ ಹೆಣ್ಣುನಾಯಿ. ಅದರ ಒಂದು ಕಣ್ಣು ಗಾಜಿನ ಗೋಲಿಯ ಹಾಗೆ ನೀಲಿ ಎಂದು ಮಗಳು ಇಟ್ಟ ಹೆಸರು. ಹಳೆಯ ಮನೆಯಲ್ಲಿ ಅದು ಒಂದು ದಿನವೂ ಒಳಗೆ ಒದ್ದೆ ಮಾಡಿದ್ದಿಲ್ಲ. ಅಲ್ಲಿ ಹಿಂದೊಂದು ಪುಟ್ಟ ಅಂಗಳವಿತ್ತು, ಹಿಂಬಾಗಿಲ ಕೆಳಗಿನ ಹಲಗೆ ಮುರಿದಿತ್ತು. ರಾತ್ರಿ ಬೇಕೆಂದಾಗ ನಾಯಿ ಆ ಸಂದಿಯಿಂದ ಹೋಗಿ ತನ್ನ ಕೆಲಸ ಮುಗಿಸಿ ಬರುತ್ತಿತ್ತು. ಅದು ಹೋಗಿ ಬರುವುದು ಯಾರ ಗಮನಕ್ಕೂ ಬಂದಿರಲಿಲ್ಲ.

ಹೊಸ ಜಾಗದಲ್ಲಿ ಅಂಗಡಿ, ಮನೆ ಒಂದೇ ಸೂರಿನಡಿ. ಮುಂದೆ ಗಾಜು ಕೊಯ್ಯುವ ಮೇಜು, ಅದರ ಹಿಂದೆ ಗಾಜಿನ ಹಲಗೆಗಳನ್ನು ಒರಗಿಸಿಟ್ಟ ನಡುಮನೆ, ಆಮೇಲೆ ಅಡುಗೆಮನೆ, ಮಲಗುವ ಕೋಣೆಗಳು. ಹಿಂದೆ ಬಾಗಿಲೇ ಇಲ್ಲ. ಮುಂದೆ ಕಬ್ಬಿಣದ ಶಟರ್. ಕಳ್ಳರ ಭಯಕ್ಕೆ ಗಾಜಿನವನು ರಾತ್ರಿ ಅದಕ್ಕೆ ಎರಡು ಬೀಗ ಜಡಿಯುತ್ತಿದ್ದ. ಮನೆ ಬದಲಿಸುವಾಗ ಯಾರು ಎಲ್ಲಿ ಮಲಗಬೇಕು, ಕನ್ನಡಿ ಎಲ್ಲಿಡಬೇಕು, ಒಲೆ ಯಾವ ಗೋಡೆಗೆ ಎಂದು ಗಂಟಲು ಹರಿಯುವಷ್ಟು ಮಾತಾಗಿತ್ತು. ನಾಯಿ ರಾತ್ರಿ ಎಲ್ಲಿಗೆ ಹೋಗಬೇಕು ಎಂದು ಒಬ್ಬರೂ ಕೇಳಿರಲಿಲ್ಲ.

ಬಂದ ಮೊದಲ ರಾತ್ರಿಯೇ ಅದು ನಡುಮನೆಯ ಎಡಮೂಲೆಯಲ್ಲಿ ಹೊಯ್ದಿತು. ಮರುದಿನವೂ ಅಲ್ಲೇ. ಗಾಜಿನವನು ತನಗೆ ತಿಳಿದ ಮದ್ದನ್ನೆಲ್ಲ ಮಾಡಿದ. ಕುತ್ತಿಗೆ ಹಿಡಿದು ಅದರ ಮೂತಿಯನ್ನು ಒದ್ದೆಗೆ ಒತ್ತಿದ. ಮೂಲೆಗೆ ಖಾರದ ಪುಡಿ ಚೆಲ್ಲಿದ. ನಾಯಿ ಎರಡು ಸಲ ಸೀನಿ ಪಕ್ಕಕ್ಕೆ ಸರಿದು ಹೊಯ್ದಿತು, ಹೆಂಡತಿ ಬೆಳಗಿನವರೆಗೆ ಸೀನಿದಳು. ಸಂಜೆಯ ಮೇಲೆ ನೀರಿಡಬೇಡಿ ಎಂದು ಕಟ್ಟಪ್ಪಣೆ ಮಾಡಿದ. ಹನ್ನೆರಡು ವರ್ಷದ ಮಗಳು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಬೊಗಸೆಯಲ್ಲಿ ಕುಡಿಸಿದಳು.

ದಿನಾ ಬೆಳಗ್ಗೆ ಆ ಮೂಲೆಯನ್ನು ತೊಳೆಯುವವನೂ ಅವನೇ. ಹೊಲಸು ಅವನಿಗೆ ಆಗುತ್ತಿರಲಿಲ್ಲ. ಕೊಯ್ದ ಗಾಜಿನ ಜಿಡ್ಡು ತೆಗೆಯಲು ನೀರಿಗೆ ಅಮೋನಿಯಾ ಬೆರೆಸಿ ಅವನು ಡಬ್ಬಿಗಟ್ಟಲೆ ಮಾಡಿಟ್ಟುಕೊಳ್ಳುತ್ತಿದ್ದ. ಅದನ್ನೇ ನೆಲಕ್ಕೆ ಸುರಿದು, ಹಳೆಯ ಪೇಪರಿನಿಂದ ತಿಕ್ಕಿ, ಮುಖ ಕಾಣುವಷ್ಟು ಹೊಳಪು ಬರಿಸುತ್ತಿದ್ದ. ವರ್ಷಗಟ್ಟಲೆ ಆ ಘಾಟಿನಲ್ಲೇ ಬದುಕಿದವನ ಮೂಗಿಗೆ ಅದು ಏನೇನೂ ಅನ್ನಿಸುತ್ತಿರಲಿಲ್ಲ.

"ನೀವು ತೊಳೆದ ಮೇಲೇ ನಾತ ಜಾಸ್ತಿ," ಎಂದು ಹೆಂಡತಿ ಒಮ್ಮೆ ಹೇಳಿದ್ದಳು.

"ಅದು ಕ್ಲೀನಾಗಿರೋ ವಾಸನೆ ಕಣೇ. ನಿನ್ನ ಮೂಗಿಗೆ ಬನ್ನು ಬಿಟ್ರೆ ಬೇರೆ ಏನೂ ಗೊತ್ತಿಲ್ಲ."

ಅಳತೆಪಟ್ಟಿ ಮುರಿದ ಆ ಬೆಳಗ್ಗೆ ಅವಳು ತಮಾಷೆಗೆ ಸಿಗಲಿಲ್ಲ. ತಲೆ ಬಾಚಿ, ಚೀಲ ಹೆಗಲಿಗೇರಿಸಿ, ಗಂಡನ ಎದುರು ನಿಂತಳು.

"ಇನ್ನೊಂದು ಸಲ ಅದರ ಮೇಲೆ ಕೈ ಮಾಡಿದ್ರೆ ನಾನೂ ಮಗಳೂ ಅಕ್ಕನ ಮನೆಗೆ ಹೋಗ್ತೀವಿ. ಸಿಟ್ಟಲ್ಲಿ ಹೇಳ್ತಿಲ್ಲ. ನಿದ್ದೆ ಕಣ್ಣಲ್ಲೂ ಹೇಳ್ತಿಲ್ಲ."

"ಒಂದು ನಾಯಿಗೋಸ್ಕರ?"

"ನಾಯಿ ಆದ್ಮೇಲೆ ಯಾರ ಸರದಿ ಅಂತ ನಂಗೆ ಗೊತ್ತಿದೆ."

ಅವನಿಗೂ ಗೊತ್ತಿತ್ತು. ಅವನಿಗೆ ಮೂಗಿನ ತುದಿಯಲ್ಲೇ ಕೋಪ, ಮಾತಿಗಿಂತ ಕೈ ಮುಂದು. ಹಳೆಯ ಮನೆಯ ಅಡುಗೆಮನೆ ಗೋಡೆಯಲ್ಲಿ ಅವನು ಎಸೆದ ಲೋಟ ಮಾಡಿದ ಗುಳಿಯನ್ನು ಬಿಟ್ಟೇ ಅವರು ಬಂದಿದ್ದರು. ಮಗಳ ಕೆನ್ನೆಗೆ ಎರಡು ಸಲ ಬಾರಿಸಿದ್ದ. ಎರಡು ಸಲವೂ ಆಮೇಲೆ ಅವಳ ಪಕ್ಕ ಕೂತು, ಗಾಜಿನ ಚೂರು ಉಜ್ಜಿ ನುಣುಪು ಮಾಡಿ ಆಡಲು ಕೊಟ್ಟಿದ್ದ. ಮಗಳೆಂದರೆ ಅವನಿಗೆ ಪ್ರಾಣ. ಶಾಲೆಯಿಂದ ಬಂದವಳು ಮೇಜಿನ ಆ ತುದಿಯಲ್ಲಿ ನಿಂತು ಅಳತೆ ಓದಿ ಹೇಳಿದರಷ್ಟೇ ಅವನಿಗೆ ಸಂಜೆಯ ಕೆಲಸ ಓಡುತ್ತಿತ್ತು.

"ಆಯ್ತು," ಎಂದ. "ಮುಟ್ಟಲ್ಲ. ಆಣೆ."

ಮುಂದಿನ ರಾತ್ರಿಗಳಲ್ಲಿ ಅವನು ನಾಯಿಯನ್ನು ಮುಟ್ಟಲಿಲ್ಲ, ಬೇರೆಲ್ಲವನ್ನೂ ಮುಟ್ಟಿದ. ಒದ್ದೆ ಕಂಡಾಗಲೆಲ್ಲ ಶಟರಿಗೆ ಗುದ್ದಿದ. ಗೆಣ್ಣು ಒಡೆದು ರಕ್ತ ಬಂತು. ರಟ್ಟಿನ ಪೆಟ್ಟಿಗೆಗಳನ್ನು ಒದ್ದು ಚಪ್ಪಟೆ ಮಾಡಿದ. ಪ್ರತಿ ಗುದ್ದಿಗೂ ನಾಯಿ ಮೇಜಿನ ಕೆಳಗೆ ನಡುಗುತ್ತಿತ್ತು, ಕೋಣೆಯಲ್ಲಿ ಮಗಳು ಹೊದಿಕೆ ತಲೆಯ ಮೇಲೆಳೆದುಕೊಳ್ಳುತ್ತಿದ್ದಳು. ಬೆಳಗಾದರೆ ಅವನು ಅದೇ ಡಬ್ಬಿ ತಂದು ಅದೇ ಮೂಲೆಗೆ ಸುರಿಯುತ್ತಿದ್ದ.

ಆ ವಾರದ ಕೊನೆಗೆ ಒಂದು ಸಲೂನಿನ ದೊಡ್ಡ ಕನ್ನಡಿ ತಯಾರಾಯಿತು. ಆಳೆತ್ತರಕ್ಕಿಂತ ಎತ್ತರ, ಅಂಚುಗಳನ್ನೆಲ್ಲ ಓರೆಯಾಗಿ ಉಜ್ಜಿದ್ದು. ಬೆಳಗ್ಗೆ ಗಾಡಿ ಬರುವುದಿತ್ತು. ಬೇರೆ ಗೋಡೆ ತುಂಬಿದ್ದರಿಂದ ಅದನ್ನು ಎಡಮೂಲೆಯಲ್ಲೇ ಒರಗಿಸಿದ. ನಾಯಿಯನ್ನು ಕಾಯಲು ತಾನೇ ದೀಪ ಆರಿಸದೆ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತ.

ಮಧ್ಯರಾತ್ರಿ ದಾಟಿದ ಮೇಲೆ ನಾಯಿ ಎದ್ದು ಮೊದಲು ಶಟರಿನ ಹತ್ತಿರ ಹೋಯಿತು. ಕೆರೆಯಿತು. ಕುಂಯ್‌ಗುಟ್ಟಿ ಅವನ ಕಡೆ ತಿರುಗಿ ನೋಡಿತು. ಮತ್ತೆ ಕೆರೆಯಿತು.

"ಏಯ್, ಸುಮ್ನೆ ಬಿದ್ಕೋ!"

ನಾಯಿ ಬಾಲ ಮುದುರಿ ಶಟರ್ ಬಿಟ್ಟಿತು. ನೆಲ ಮೂಸುತ್ತಾ ಮೂಲೆಗೆ ಹೋಗಿ ಕನ್ನಡಿಯ ಬುಡದಲ್ಲಿ ಕುಕ್ಕರಿಸಿತು. ಕನ್ನಡಿಯಲ್ಲಿ ಅವನಿಗೆ ಅದರ ಮುಖ ಕಂಡಿತು, ಅದರ ಹಿಂದಿನಿಂದ ಧಾವಿಸಿ ಬರುತ್ತಿದ್ದ ತನ್ನ ಮುಖವೂ ಕಂಡಿತು. ಕಂಡರೂ ನಿಲ್ಲಲಿಲ್ಲ.

ಕುತ್ತಿಗೆಯ ತೊಗಲು ಹಿಡಿದೆತ್ತಿ ಅದರ ಮೂತಿಯನ್ನು ನೆಲಕ್ಕೆ ಜಜ್ಜಿದ. ಒಂದು ಸಲ. ಎರಡನೆಯ ಸಲಕ್ಕೆ ಗೋಲಿ, ಹುಟ್ಟಿದ ಮೇಲೆ ಮೊದಲ ಬಾರಿಗೆ, ಮನುಷ್ಯನನ್ನು ಕಚ್ಚಿತು. ಹಲ್ಲು ಅವನ ಹೆಬ್ಬೆರಳಿನ ಬುಡಕ್ಕೆ ಮೂಳೆಯವರೆಗೆ ಇಳಿಯಿತು. ಅವನು ಕೂಗಿ ಕೈ ಒದರಿದ. ನಾಯಿ ಗೋಡೆಗೆ ಬಡಿದು ಬಿದ್ದು, ಕನ್ನಡಿಗೂ ಗೋಡೆಗೂ ನಡುವಿನ ಸಂದಿಗೆ ನುಗ್ಗಿತು.

"ಬಾರೇ ಆಚೆಗೆ! ಇವತ್ತು ನಿನ್ನ ಸಾಯಿಸಿಬಿಡ್ತೀನಿ!"

"ಅಪ್ಪಾ, ಬೇಡ!" ಮಗಳು ಯಾವಾಗ ಬಂದಳೋ ತಿಳಿಯಲಿಲ್ಲ. ಅವಳು ಅವನ ಕಾಲ ಪಕ್ಕದಲ್ಲೇ ಹೊಟ್ಟೆಯ ಮೇಲೆ ಮಲಗಿ ಸಂದಿಯೊಳಕ್ಕೆ ಕೈ ಚಾಚಿದಳು. "ಗೋಲಿ ಬಾ, ಬಾರೇ, ಬಾ..."

ಅವನು ಸಂದಿಗೆ ಒದ್ದ. ನಾಯಿಗೆಂದು ಒದ್ದದ್ದು ಕನ್ನಡಿಯ ಬುಡಕ್ಕೆ ತಗುಲಿತು. ಒದ್ದೆ ನೆಲದ ಮೇಲೆ ಬುಡ ಸರಕ್ಕನೆ ಜಾರಿತು.

ಬೀಳುವ ಗಾಜನ್ನು ಹಿಡಿಯಲು ಹೋಗಬಾರದು. ಈ ಕಸುಬಿನಲ್ಲಿ ಮೊದಲು ಕಲಿಸುವುದೇ ಅದು. ಮಗಳಿಗೂ ಅವನೇ ಕಲಿಸಿದ್ದ. "ಬಿಡು! ದೂರ ಹೋಗು!" ಎಂದು ಕಿರುಚಿದ. ಅವಳು ಬಿಡಲಿಲ್ಲ. ಒಂದು ಕೈಯಲ್ಲಿ ನಾಯಿಯನ್ನು ಎದೆಗೆ ಎಳೆದುಕೊಂಡು ಇನ್ನೊಂದನ್ನು ಗಾಜಿಗೆ ಅಡ್ಡ ಹಿಡಿದಳು.

ಸದ್ದಿಗೆ ಎದುರು ಮನೆಗಳ ದೀಪ ಹತ್ತಿದವು.

ಮಗಳ ಕೈ ಮಣಿಕಟ್ಟಿನಿಂದ ಮೊಣಕೈಯವರೆಗೆ ಸೀಳಿತ್ತು. ಅಂಗೈಯಗಲದ ಚೂರೊಂದು ಮಾಂಸದಲ್ಲಿ ನೆಟ್ಟಗೆ ನಿಂತಿತ್ತು. ಗಾಜಿನವನು ಚೂರನ್ನು ಕೀಳಲಿಲ್ಲ, ಕಿತ್ತರೆ ರಕ್ತ ಚಿಮ್ಮುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಂಗಿ ಹರಿದು ಮೊಣಕೈಯ ಮೇಲೆ ಬಿಗಿಯಾಗಿ ಕಟ್ಟಿದ, ಕೈಯನ್ನು ಎತ್ತಿ ಹಿಡಿದ. ಹೆಂಡತಿ ಬಂದು ನೋಡಿದಳು. ಬೀಗದ ಕೈ ತೆಗೆದುಕೊಂಡು ಎರಡೂ ಬೀಗ ತೆರೆದಳು.

ಆಸ್ಪತ್ರೆಯಲ್ಲಿ ಡಾಕ್ಟರು ಹೊಲಿಗೆ ಹಾಕುತ್ತಾ ಕೇಳಿದರು, "ಏನಾಯ್ತು ಪುಟ್ಟ?"

"ಗಾಜು ಬಿತ್ತು," ಎಂದಳು ಮಗಳು.

ಡಾಕ್ಟರು ಅಪ್ಪನ ಹೆಬ್ಬೆರಳು ನೋಡಿದರು. "ಇದು?"

"ನಾಯಿ ಕಚ್ಚಿತು."

"ಸಾಕಿದ ನಾಯೀನಾ? ಸುಮ್ಸುಮ್ನೆ ಕಚ್ತಾ?"

ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ನರ್ಸಮ್ಮ ಅವನಿಗೆ ಚುಚ್ಚುಮದ್ದು ಕೊಟ್ಟಳು. ಅವನು ಹೊರಬರುವಷ್ಟರಲ್ಲಿ ಹೆಂಡತಿ ಮಗಳನ್ನು ತನ್ನ ಅಕ್ಕನ ಮನೆಗೆ ಕರೆದೊಯ್ದಾಗಿತ್ತು.

ಮರುದಿನ ಹೆಂಡತಿ ಅಂಗಡಿಗೆ ಬಂದು ಗೋಲಿಯನ್ನು ಪ್ರಾಣಿಗಳ ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ಪಾದದಲ್ಲಿ ಗಾಜಿತ್ತು. ಒಂದು ಪಕ್ಕೆಲುಬು ಬಿರುಕು ಬಿಟ್ಟಿತ್ತು. ಅದು ಹಿಂದಿನ ವಾರದ್ದು. ಔಷಧಿ ಕೊಡುವ ಕಾಂಪೌಂಡರ್ ನಾಯಿಯ ಮೈ ಮೂಸಿ ಹುಬ್ಬೇರಿಸಿದ. ನೆಲಕ್ಕೆ ಏನು ಹಾಕುತ್ತೀರಿ ಎಂದು ಕೇಳಿದ. ಅವಳು ಹೇಳಿದಳು.

"ಅಮೋನಿಯಾನಾ? ಉಚ್ಚೇಲಿ ಹೊಡೆಯೋ ಘಾಟೂ ಅದೇ ಅಲ್ವೇನಮ್ಮಾ! ನಾಯಿಗೆ ಮೂಗೇ ಎಲ್ಲ. ನೀವು ದಿನಾ ಬೆಳಗ್ಗೆ ಅದಕ್ಕೆ ಬೋರ್ಡ್ ಬರೆದು ಹಾಕಿದ್ದೀರಿ, ಇಲ್ಲೇ ಹೊಯ್ಯಿ ಅಂತ." ಮಿಕ್ಕದ್ದು ಸುಲಭ ಎಂದ: ಸೋಪು ನೀರಿನಲ್ಲಿ ತೊಳೆದು ಮೇಲೆ ವಿನೆಗರ್ ಬೆರೆಸಿದ ನೀರು ಹಾಕಿ. ಮಲಗುವ ಮುಂಚೆ ಹೊರಗೆ ಕರೆದೊಯ್ಯಿರಿ. ಬಾಗಿಲು ಕೆರೆದರೆ ತಡ ಮಾಡದೆ ತೆಗೆಯಿರಿ. ರಾತ್ರಿ ಜನರ ಹತ್ತಿರ ಮಲಗಿಸಿ. "ಹೊಡೀಬೇಡಿ. ಹೆದರಿಕೊಂಡ ನಾಯಿ ಇನ್ನೂ ಜಾಸ್ತಿ ಹೊಯ್ಯುತ್ತೆ."

ಅವಳು ಇದನ್ನೆಲ್ಲ ಗಂಡನಿಗೆ ಫೋನಿನಲ್ಲಿ ಹೇಳಿದಳು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಹಾಗಾದ್ರೆ ತಪ್ಪು ಆ ನೀರಿಂದು," ಎಂದ ಅವನು.

"ನೀರು ಒದೀಲಿಲ್ಲ," ಎಂದು ಅವಳು ಫೋನು ಮಗಳಿಗೆ ಕೊಟ್ಟಳು.

"ಮನೆಗೆ ಬಾ ಪುಟ್ಟಿ. ಎಲ್ಲ ಸರಿ ಮಾಡ್ತೀನಿ."

"ಗೋಲಿ ನಿನ್ನ ಹತ್ರ ಬಂದ್ರೆ ನಾನೂ ಬರ್ತೀನಿ ಅಪ್ಪ," ಎಂದಳು ಮಗಳು. "ಅಮ್ಮನೂ ಒಪ್ಪಿದಾಳೆ. ಬರದಿದ್ರೆ ಇಲ್ಲ."

ಗಾಜಿನವನು ಅಮೋನಿಯಾ ಡಬ್ಬಿಗಳನ್ನು ಹೊರಗಿನ ಕಪಾಟಿಗೆ ಸಾಗಿಸಿದ. ಮೂಲೆಯನ್ನು ಬಿಸಿನೀರು ಸೋಪಿನಿಂದ ಉಜ್ಜಿದ, ವಿನೆಗರ್ ನೀರು ಸುರಿದ, ಮತ್ತೆ ಉಜ್ಜಿದ. ಶಟರಿನ ಪಕ್ಕದ ಗೋಡೆ ಒಡೆದು ಒಂದು ಚಿಕ್ಕ ಬಾಗಿಲು ಕೂರಿಸಿದ. ಒಳಗಿನಿಂದ ಒಂದೇ ಚಿಲಕ, ಯಾರು ಬೇಕಾದರೂ ತೆಗೆಯಬಹುದು. ಕೆಲಸ ಅಚ್ಚುಕಟ್ಟಾಗಿತ್ತು. ಅವನ ಕೈಕೆಲಸಕ್ಕೆ ಯಾರೂ ಎಂದೂ ಹೆಸರಿಟ್ಟದ್ದಿಲ್ಲ.

ಭಾನುವಾರ ಸಂಜೆ ಅವನು ಹೆಂಡತಿಯ ಅಕ್ಕನ ಮನೆಗೆ ಹೋದ. ಅತ್ತಿಗೆ ಬಾಗಿಲು ತೆಗೆದಳು.

"ಬನ್ನಿ. ಕೈಯಲ್ಲಿ ಏನೂ ಇಲ್ಲ ತಾನೇ?"

ಅವನು ಎರಡೂ ಅಂಗೈ ತೋರಿಸಿದ. ಹೆಬ್ಬೆರಳಿಗೆ ಇನ್ನೂ ಪಟ್ಟಿ ಇತ್ತು.

ಆ ಮನೆಯಲ್ಲಿ ಗೋಲಿ ಒಂದು ರಾತ್ರಿಯೂ ಒದ್ದೆ ಮಾಡಿರಲಿಲ್ಲ. ಮಲಗುವ ಮುಂಚೆ ಹೆಂಡತಿ ಹೊರಗೆ ಕರೆದೊಯ್ಯುತ್ತಿದ್ದಳು, ಬೇಕರಿಗೆ ಹೊರಡುವಾಗ ಇನ್ನೊಮ್ಮೆ. ಉಳಿದ ಹೊತ್ತು ಅದು ಮಗಳ ಮಂಚದ ಕೆಳಗೆ ಮಲಗಿರುತ್ತಿತ್ತು. ಈಗ ಅದು ಮಗಳ ಕಾಲುಗಳ ಹಿಂದೆ ನಿಂತಿತ್ತು. ಮಗಳ ಗಾಯದ ಕೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಹೆಂಡತಿ ಗೋಡೆಗೊರಗಿ ನಿಂತಿದ್ದಳು. ಯಾರೂ ನಾಯಿಯನ್ನು ಹಿಡಿದಿರಲಿಲ್ಲ.

ಗಾಜಿನವನು ಬಾಗಿಲ ಬಳಿಯೇ ಮಂಡಿಯೂರಿದ. "ಗೋಲಿ," ಎಂದ. ಇಷ್ಟು ಮೆಲ್ಲಗೆ ಅವನು ಅದನ್ನು ಹಿಂದೆಂದೂ ಕರೆದಿರಲಿಲ್ಲ. "ಬಾ ಮರಿ. ಬಾ."

ನಾಯಿ ಬಂತು. ಹೊಟ್ಟೆ ನೆಲಕ್ಕೆ ತಾಗಿಸಿ, ಕಿವಿ ಹಿಂದಕ್ಕೆ ಅಂಟಿಸಿ, ತೆವಳುತ್ತಾ ಸ್ವಲ್ಪ ದೂರ ಬಂತು. ಅವನ ಹಣೆಯ ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈಯೆತ್ತಿದ.

ನಾಯಿ ಅಲ್ಲೇ ಉರುಳಿ ಬಿದ್ದು ಉಚ್ಚೆ ಹೊಯ್ದುಕೊಂಡಿತು. ಅದೇ ಗಳಿಗೆಯಲ್ಲಿ ಮಗಳು ಗಾಯವಿಲ್ಲದ ಕೈಯಿಂದ ತನ್ನ ಮುಖ ಮುಚ್ಚಿಕೊಂಡಳು.

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಅವನು ಅದನ್ನು ನಿಧಾನವಾಗಿ ಇಳಿಸಿದ.

"ಬೆವರು ಒರೆಸ್ಕೊಂಡೆ ಅಷ್ಟೇ," ಎಂದ. "ಪುಟ್ಟಿ, ಬರೀ ಬೆವರು."

"ಗೊತ್ತು ಅಪ್ಪ," ಎಂದಳು ಮಗಳು. "ನೀನು ಹೋಗು."

ಅವನು ಎದ್ದ. ಹೆಂಡತಿ ಬಾಗಿಲು ಹಾಕಿದಳು. ಮಗಳು ಒಂದೇ ಕೈಯಲ್ಲಿ ಬಟ್ಟೆ ಹಿಂಡಿ, ಸೋಪು ನೀರಿನಿಂದ ನೆಲ ಒರೆಸಿದಳು. ಮುಂದಿನ ವಾರ ಅವಳನ್ನು ದೊಡ್ಡಮ್ಮನ ಮನೆಯ ಹತ್ತಿರದ ಶಾಲೆಗೆ ಸೇರಿಸಲಾಯಿತು.